ಕಿಕ್ಯೋ ಗಿಡಕ್ಕೆ ಬುದ್ಧತ್ವ ಉಂಟೇ?

ಕಿಕ್ಯೋ ಜಪಾನಿನ ನೆಲದ್ದೇ ಆದ ಬಹುವಾರ್ಷಿಕ ಗಂಟೆಹೂವು. ಕೊರಿಯಾ, ಚೀನಾಗಳಲ್ಲೂ ತಾನಾಗಿ ಬೆಳೆಯುತ್ತದೆ. ಮೊಗ್ಗು ಗಾಳಿ ತುಂಬಿದ ಬುಗ್ಗೆಯಂತೆ ಉಬ್ಬಿ, ಐದು ಅಂಚುಗಳಲ್ಲಿ ಬಿರಿದು, ನೀಲಿ-ನೇರಳೆಯ ನಕ್ಷತ್ರವಾಗುತ್ತದೆ. ಹುಲ್ಲುಗಾವಲುಗಳು ಕರಗಿದಂತೆ ಅದು ಬಯಲಿನಲ್ಲಿ ಅಪರೂಪವಾಗಿ, ಜಪಾನಿನ ಅಪಾಯದಲ್ಲಿರುವ ಸಸ್ಯಗಳ ಪಟ್ಟಿ ಸೇರಿದೆ. ಮನೆಯ ಹಿತ್ತಿಲು, ಬೌದ್ಧ ದೇಗುಲಗಳ ಅಂಗಳ ಅದಕ್ಕೀಗ ಆಸರೆ. ಕ್ಯೋಟೋದ ರೋಜಾನ್-ಜಿ ದೇಗುಲದಲ್ಲಿ ಬಿಳಿ ಜಲ್ಲಿಯ ನಡುವಣ ಪಾಚಿಯ ದಿಬ್ಬಗಳ ಮೇಲೆ ಬೇಸಿಗೆಯುದ್ದಕ್ಕೂ ಕಿಕ್ಯೋ ಅರಳುತ್ತದೆ.

ಬೆಳೆಸುವುದು ಕಷ್ಟವಲ್ಲ. ಬಿಸಿಲು ಬೇಕು, ನೀರು ನಿಲ್ಲದ ಮಣ್ಣು ಬೇಕು. ಬೀಜ ಮೊಳೆಯಲು ಬೆಳಕು ಬೇಕಾದ್ದರಿಂದ ಅದನ್ನು ಆಳಕ್ಕೆ ಹೂಳದೆ ಮಣ್ಣಿನ ಮೇಲೆಯೇ ಉದುರಿಸಬೇಕು. ಬಾಡಿದ ಹೂ ಚಿವುಟುತ್ತಿದ್ದರೆ ಹೊಸ ಮೊಗ್ಗು ಬರುತ್ತಲೇ ಇರುತ್ತದೆ. ದಪ್ಪನೆಯ ಬಿಳಿ ತಾಯಿಬೇರು ನೇರ ಕೆಳಗಿಳಿಯುವುದರಿಂದ ಊರಿದ ಗಿಡವನ್ನು ಕಿತ್ತು ಬೇರೆಡೆ ನೆಡುವುದು ತರವಲ್ಲ. ಶರತ್ಕಾಲದ ಕೊನೆಗೆ ಎಲೆ ಹಳದಿಯಾಗಿ, ಕಾಂಡ ಒಣಗಿ, ನೆಲದ ಮೇಲೆ ಏನೂ ಉಳಿಯುವುದಿಲ್ಲ. ವಸಂತದಲ್ಲಿ ಬೇರೆ ಗಿಡಗಳು ಹಸಿರಾದ ಮೇಲೂ ಕಿಕ್ಯೋ ಏಳುವುದು ತಡ. ಸತ್ತೇಹೋಯಿತೆಂದು ಅಗೆದವರ ಗುದ್ದಲಿಗೆ ಜೀವಂತ ಬೇರು ಸಿಕ್ಕಿ ತುಂಡಾಗುವುದುಂಟು. ಅದಕ್ಕೇ ಬಲ್ಲವರು ಆ ಜಾಗದಲ್ಲಿ ಒಂದು ಗೂಟ ನೆಡುತ್ತಾರೆ.

ಗೂಟದ ಕೆಳಗೆ ಮಲಗಿರುವುದು ಏನು ಎಂಬ ಪ್ರಶ್ನೆ ಬೌದ್ಧರಲ್ಲಿ ಬಹಳ ಹಳೆಯದು. ಜೈನರು ಸಸ್ಯವನ್ನು ಸ್ಪರ್ಶವೊಂದೇ ಇರುವ ಏಕೇಂದ್ರಿಯ ಜೀವಿಯೆಂದು ಎಣಿಸಿದರು. ಕರ್ನಾಟಕದ ಜೈನ ಮನೆಗಳಲ್ಲೂ ವ್ರತನಿಷ್ಠರು ಗೆಡ್ಡೆಗೆಣಸು ಮುಟ್ಟದಿರುವುದರ ಹಿಂದೆ ಈ ಎಣಿಕೆಯಿದೆ. ಬೌದ್ಧರು ಗಿಡ ಕಡಿಯದಂತೆ ಭಿಕ್ಷುಗಳನ್ನು ತಡೆದರಾದರೂ, ಮರುಹುಟ್ಟು ಪಡೆಯುವ ಜೀವಿಗಳ ಸಾಲಿಗೆ ಅದನ್ನು ಸಾಮಾನ್ಯವಾಗಿ ಸೇರಿಸಲಿಲ್ಲ. ಚೀನಾದ ತಿಯಾನ್‌ತಾಯ್ ಪಂಥದ ಝಾನ್‌ರಾನ್ (711–782) ಈ ಗೆರೆಯನ್ನು ಅಳಿಸಿದ. ಚಿತ್ತ ಬೇರೆ, ಅದರ ಸುತ್ತಲ ಜಗತ್ತು ಬೇರೆ ಅಲ್ಲವೆಂದಾದರೆ, ಬುದ್ಧಸ್ವಭಾವ ಮನುಷ್ಯನ ಅಂಚಿಗೆ ಬಂದು ನಿಲ್ಲಲಾರದು ಎಂಬುದು ಅವನ ವಾದದ ತಿರುಳು. ಆದರೂ ಒಂದು ತೊಡಕು ಉಳಿಯಿತು: ಬುದ್ಧನಾದವನ ಕಣ್ಣಿಗೆ ಹುಲ್ಲೂ ಬುದ್ಧವೋ, ಅಥವಾ ಹುಲ್ಲು ತಾನೇ ಸಾಧಿಸಿ ಬುದ್ಧನಾಗುತ್ತದೋ?

ತಿಯಾನ್‌ತಾಯ್‌ನ ಜಪಾನಿ ಕವಲಾದ ತೆಂದಾಯ್ ಪಂಥದ ಕೆಲವರು ಎರಡನೆಯದೇ ಸರಿಯೆಂದರು. ರೋಜಾನ್-ಜಿಯ ಮೂಲ ಸ್ಥಾಪಕನೆಂದು ಪರಂಪರೆ ಹೇಳುವ ರಿಯೋಗೆನ್ (912–985) ಹೆಸರಿನಲ್ಲಿ ಉಳಿದಿರುವ ಒಂದು ಕಿರುಗ್ರಂಥ ಸಸ್ಯದ ಬಾಳನ್ನೇ ಸಾಧನೆಯ ನಾಲ್ಕು ಹಂತವಾಗಿ ಕಾಣುತ್ತದೆ. ಮೊಳೆಯುವುದು ಬೋಧಿಚಿತ್ತದ, ಅಂದರೆ ಬೋಧಿಯ ಹಂಬಲದ, ಹುಟ್ಟು, ನಿಲ್ಲುವುದು ಸಾಧನೆ, ಮಾರ್ಪಡುವುದು ಬೋಧಿ, ಅಳಿಯುವುದು ನಿರ್ವಾಣ. ಇದನ್ನು ಬರಿಯ ರೂಪಕವೆಂದು ತಳ್ಳಿದರೆ ಅದರ ದಿಟ್ಟತನವೇ ಕಳೆದುಹೋಗುತ್ತದೆ. ಗಿಡ ಮನುಷ್ಯನ ಸಾಧನೆಗೆ ಉಪಮಾನವಾಗಿ ಇಲ್ಲಿ ಬಂದಿಲ್ಲ. ಅದು ಇರುವ ರೀತಿಯೇ ಅದರ ಸಾಧನೆ. ಕಿಕ್ಯೋ ಹೂವನ್ನು ಹತ್ತಿರದಿಂದ ನೋಡಿದರೆ ಮೂರನೆಯ ಹಂತ ಕಣ್ಣಿಗೇ ಕಾಣುತ್ತದೆ. ಮೊದಲು ಐದು ಕೇಸರಗಳು ನಡುವಣ ಕಂಬಕ್ಕೆ ಪರಾಗ ಸವರಿ ಬಾಡುತ್ತವೆ. ಅವು ಒರಗಿದ ಮೇಲಷ್ಟೇ ಕಂಬದ ತುದಿ ಐದಾಗಿ ಸೀಳಿ, ಬೇರೆ ಹೂವಿನ ಪರಾಗಕ್ಕೆ ತೆರೆದುಕೊಳ್ಳುತ್ತದೆ. ಕೊಡುವ ಹೂವೇ ಪಡೆಯುವ ಹೂವಾಗುತ್ತದೆ.

ನಾಲ್ಕನೆಯ ಹಂತಕ್ಕೆ ಮಾತ್ರ ಬಹುವಾರ್ಷಿಕ ಗಿಡ ಸುಲಭವಾಗಿ ಒಗ್ಗದು. ನಿರ್ವಾಣವೆಂದರೆ ಮರಳಿ ಬಾರದಿರುವುದು. ಕಿಕ್ಯೋ ವರ್ಷವರ್ಷವೂ ಮರಳುತ್ತದೆ. ಅಳಿದದ್ದು ಕಾಂಡ ಮಾತ್ರ, ಬೇರಲ್ಲ ಎನ್ನಬಹುದು. ಆದರೆ ಬದಲಾಗದೆ ಉಳಿಯುವ ತಿರುಳೊಂದು ಒಳಗಿದೆ ಎಂಬುದನ್ನೇ ಬೌದ್ಧರು ಒಪ್ಪುವುದಿಲ್ಲವಾದ್ದರಿಂದ, ಬೇರನ್ನು ಗಿಡದ ಆತ್ಮವಾಗಿಸುವ ಈ ಉತ್ತರ ಅವರಿಗೆ ಸಲ್ಲದು. ಪಾಲಿ ಗ್ರಂಥ ಮಿಲಿಂದಪಞ್ಹದಲ್ಲಿ ಭಿಕ್ಷು ನಾಗಸೇನ ಕೊಡುವ ದೀಪದ ಉದಾಹರಣೆ ಇಲ್ಲಿಗೆ ಹೆಚ್ಚು ಹೊಂದುತ್ತದೆ: ರಾತ್ರಿಯ ಮೊದಲ ಜಾವದ ಉರಿಯೂ ಕೊನೆಯ ಜಾವದ ಉರಿಯೂ ಒಂದೇ ಅಲ್ಲ, ಬೇರೆಯೂ ಅಲ್ಲ. ಬೇರು ಕೂಡ ಹಾಗೆಯೇ. ಬೇಸಿಗೆಯಲ್ಲಿ ಕೂಡಿಟ್ಟದ್ದನ್ನು ವಸಂತದ ಚಿಗುರಿಗೆ ತೆತ್ತು, ಮತ್ತೆ ಹೊಸತನ್ನು ತುಂಬಿಕೊಂಡು, ಪ್ರತಿವರ್ಷ ತಾನೂ ಮತ್ತೊಂದಾಗುತ್ತದೆ. ಗೂಟದ ಬುಡದಲ್ಲಿ ಮಣ್ಣು ಸೀಳಿ ನೇರಳೆ ಛಾಯೆಯ ಮೊಳಕೆ ತಲೆಯೆತ್ತಿದಾಗ, ಅದು ಹೋದ ವರ್ಷದ ಗಿಡವೇ ಎಂದು ಕೇಳಿದವರಿಗೆ ಹೌದು, ಅಲ್ಲ ಎಂಬ ಎರಡೂ ಉತ್ತರ ಸಾಲದು.