ಅರವತ್ತು ರೂಪಾಯಿಯ ಮೀನು

ನಮ್ಮ ಗೋಲ್ಡ್‌ಫಿಶ್‌ನ ಎರಡೂ ಕಣ್ಣುಗಳು ಊದಿ ಹೊರಬಂದಿದ್ದನ್ನು ಮೊದಲು ಕಂಡವಳು ಮಗಳು. ಅಂಗಡಿಗೆ ಫೋನ್ ಮಾಡಿದೆ. "ಔಷಧಿಗೇ 200 ರೂಪಾಯಿ ಆಗುತ್ತೆ ಸರ್, ಹೊಸ ಮೀನು 60ಕ್ಕೆ ಸಿಗುತ್ತೆ" ಎಂಬ ಉತ್ತರ ಬಂತು. ಆಫೀಸಿನಲ್ಲಿ ನಾನೂ ದಿನವೂ ಇಂಥ ಲೆಕ್ಕ ಹಾಕುವವನೇ. ಆದರೆ ಅದನ್ನು ಮಗಳಿಗೆ ಹೇಳಲು ಬಾಯಿ ಬರಲಿಲ್ಲ.

ಅಕ್ವೇರಿಯಂ ಸಾಕುವವರು ಇದನ್ನು 'ಪಾಪ್ ಐ' ಎನ್ನುತ್ತಾರೆ. ಇದು ರೋಗವಲ್ಲ, ರೋಗದ ಲಕ್ಷಣ. ಒಂದೇ ಕಣ್ಣು ಊದಿದ್ದರೆ ಸಾಮಾನ್ಯವಾಗಿ ಪೆಟ್ಟು ಬಿದ್ದಿರುತ್ತದೆ. ಎರಡೂ ಊದಿದ್ದರೆ ಸೋಂಕನ್ನೋ ಕೆಟ್ಟ ನೀರನ್ನೋ ಶಂಕಿಸಬೇಕು. ನೀರು ಪರೀಕ್ಷಿಸಿದೆ. ಸೊನ್ನೆ ಇರಬೇಕಾದ ಅಮೋನಿಯಾ ಏರಿತ್ತು. ಮೀನಿನ ಹೊಲಸಿನಿಂದ ಹುಟ್ಟುವ ಅಮೋನಿಯಾವನ್ನು ಫಿಲ್ಟರ್‌ನಲ್ಲಿರುವ ಬ್ಯಾಕ್ಟೀರಿಯಾಗಳು ನೈಟ್ರೈಟ್ ಆಗಿ, ಆಮೇಲೆ ಅಷ್ಟೇನೂ ಅಪಾಯವಿಲ್ಲದ ನೈಟ್ರೇಟ್ ಆಗಿ ಬದಲಿಸುತ್ತವೆ. ಹಿಂದಿನ ವಾರ ಫಿಲ್ಟರ್‌ನ ಸ್ಪಂಜನ್ನು ನಲ್ಲಿಯ ಕ್ಲೋರಿನ್ ನೀರಿನಲ್ಲಿ ಚೆನ್ನಾಗಿ ತಿಕ್ಕಿ ತೊಳೆದವನು ನಾನೇ. ಶುಚಿ ಮಾಡುತ್ತಿದ್ದೇನೆ ಎಂದುಕೊಂಡು ಆ ಬ್ಯಾಕ್ಟೀರಿಯಾಗಳನ್ನು ಕೊಂದಿದ್ದೆ.

"ಭಾನುವಾರ ಬಂಗುಡೆ ಸಾರು ಉಣ್ಣುವವರಿಗೆ ಇದೊಂದು ಮೀನಿನ ಮೇಲೆ ಯಾಕೆ ಇಷ್ಟು ಕನಿಕರ?" ಎಂದಳು ಹೆಂಡತಿ. ನ್ಯಾಯವಾದ ಪ್ರಶ್ನೆ. 2003ರಲ್ಲಿ ಲಿನ್ ಸ್ನೆಡನ್ ಮತ್ತು ಸಂಗಡಿಗರು ರೇನ್‌ಬೋ ಟ್ರೌಟ್ ಮೀನಿನ ತಲೆಯಲ್ಲಿ ನೋವನ್ನು ಗ್ರಹಿಸುವ ನರಗಳಿರುವುದನ್ನು ತೋರಿಸಿದರು. ಮೀನು ಆ ನೋವನ್ನು ನಮ್ಮಂತೆ ಅನುಭವಿಸುತ್ತದೆಯೇ ಎಂಬ ವಾದ ಇನ್ನೂ ನಡೆದಿದೆ. ಆ ವಾದ ಮುಗಿಯುವವರೆಗೆ ನಾನು ಕಾಯಬೇಕಿಲ್ಲ ಅನ್ನಿಸುತ್ತದೆ. ಹೊಳೆಯ ಮೀನು ಕೆಟ್ಟ ನೀರು ಬಿಟ್ಟು ಬೇರೆಡೆ ಈಜಿ ಹೋಗಬಹುದು. ಇದಕ್ಕೆ ಆ ದಾರಿಯನ್ನು ಮುಚ್ಚಿದವನು ನಾನು. ಅದಕ್ಕಿರುವುದು ನಾನು ಕೊಟ್ಟ ನೀರು ಮಾತ್ರ. ಹಾಗಾಗಿ ಇದು ಕನಿಕರವಲ್ಲ, ಸಾಲ. ಬಂಗುಡೆಯ ಪ್ರಶ್ನೆಗೆ ಇದು ಉತ್ತರವಲ್ಲ ಎಂಬುದೂ ಗೊತ್ತು. ಆದರೆ ಒಂದು ಕಡೆ ಉತ್ತರವಿಲ್ಲದಿರುವುದು ಇನ್ನೊಂದು ಕಡೆಯ ಸಾಲವನ್ನು ತೀರಿಸುವುದಿಲ್ಲ.

ದಿನವೂ ಕಾಲುಭಾಗ ನೀರನ್ನು ತೆಗೆದು, ಕ್ಲೋರಿನ್ ಹೋಗಿಸಿದ ನೀರು ತುಂಬಿದೆ. ಊತದ ನೀರು ಇಳಿಯಲೆಂದು 20 ಲೀಟರಿಗೆ ಒಂದು ಟೀ ಚಮಚ ಎಪ್ಸಮ್ ಉಪ್ಪು ಕರಗಿಸಿದೆ. ಎರಡು ವಾರದಲ್ಲಿ ಊತ ಇಳಿಯಿತು. ಎಡಗಣ್ಣು ಮಾತ್ರ ಮಂಜಾಗಿಯೇ ಉಳಿಯಿತು. ಆ ಕಡೆಯಿಂದ ಕಾಳು ಹಾಕಿದರೆ ಅದಕ್ಕೆ ಕಾಣುವುದಿಲ್ಲ. ಮಗಳು ಈಗ ಬಲಗಡೆಯಿಂದಲೇ ಹಾಕುತ್ತಾಳೆ.