ಹೊಲದ ಹೂವಿನಲ್ಲಿ ದೇವರ ಅಳತೆ

ಸೂರ್ಯಕಾಂತಿಯ ತೆನೆಯನ್ನು ಕೊಯ್ಯುವಾಗ ನಾವು ತುಸು ನಿಂತು ಅದರ ಕಾಳುಗಳನ್ನು ನೋಡೋಣ. ಅವು ಮನಬಂದಂತೆ ಚೆಲ್ಲಿದವುಗಳಲ್ಲ. ನಡುವಿನಿಂದ ಅಂಚಿಗೆ ಬಾಗುತ್ತಾ ಹೋಗುವ ಸಾಲುಗಳಲ್ಲಿ ಕೂತಿರುತ್ತವೆ. ಎಡಕ್ಕೆ ಬಾಗಿದ ಸಾಲುಗಳನ್ನೂ ಬಲಕ್ಕೆ ಬಾಗಿದವುಗಳನ್ನೂ ಬೇರೆಬೇರೆಯಾಗಿ ಎಣಿಸಿದರೆ, ಅನೇಕ ತೆನೆಗಳಲ್ಲಿ 34 ಮತ್ತು 55 ದೊರೆಯುವವು. 1, 2, 3, 5, 8, 13, 21, 34, 55 ಎಂಬ ಸರಣಿಯಲ್ಲಿ ಹಿಂದಿನ ಎರಡನ್ನು ಕೂಡಿಸಿದರೆ ಮುಂದಿನದು ಬರುತ್ತದೆ.

ಗಿಡವು ಲೆಕ್ಕವನ್ನು ಅರಿಯದು. ಹೊಸದಾಗಿ ಮೂಡುವ ಪ್ರತಿಯೊಂದು ಹೂಮೊಗ್ಗು ಹಿಂದಿನದರಿಂದ ಸುಮಾರು 137.5 ಡಿಗ್ರಿ ತಿರುಗಿ, ತೆರವಾದ ಎಡೆಯಲ್ಲಿ ಹುಟ್ಟುತ್ತದೆ. ಆದಕಾರಣ ಒಂದು ಕಾಳು ಮತ್ತೊಂದರ ಸ್ಥಳವನ್ನು ಕಸಿದುಕೊಳ್ಳದು, ಸ್ಥಳವೂ ವ್ಯರ್ಥವಾಗದು.

ಕೆಲವರು ಇಂಥ ಸಂಖ್ಯೆಗಳನ್ನೇ ದೈವವೆಂದು ಎಣಿಸುವರು. ನಾವಾದರೋ ಅಳೆದಾತನನ್ನು ಆರಾಧಿಸುವೆವು. ಆದರೆ ಆತನ ಅಳತೆಯನ್ನು ಮೆಚ್ಚಿದ ಕೈಗಳೇ ತೂಕ ಹೆಚ್ಚಲೆಂದು ಚೀಲದ ತಳಕ್ಕೆ ಒದ್ದೆ ಕಾಳನ್ನು ತುಂಬಿದರೆ, ಕೊಯ್ಲಿಗೆ ಬಂದವಳ ಕೂಲಿಯನ್ನು ಮುರಿದುಕೊಂಡರೆ, ನಮ್ಮ ಆರಾಧನೆಯು ಏನಾದೀತು? ಒಂದೊಂದು ಕಾಳಿಗೂ ಅದರದರ ಸ್ಥಳವನ್ನು ಕೊಟ್ಟಾತನು ಬಡವಳ ಪಾಲನ್ನು ಮರೆತಾನೇ? ಈ ಸುಗ್ಗಿಯಲ್ಲಿ ನಮ್ಮ ತಕ್ಕಡಿಯು ಆತನ ಮುಂದೆ ಸರಿಯಾಗಿ ನಿಲ್ಲುವ ಹಾಗೆ ಆತನೇ ನಮಗೆ ಕೃಪೆಯನ್ನು ಅನುಗ್ರಹಿಸಲಿ. ಆಮೆನ್.