ಮರೆವಿನ ಚಕ್ರದಲ್ಲಿ ಅರಿವಿನ ಕುರುಹು

ಹುಟ್ಟಿದ ಜೀವನು ಸಾಯುವನು, ಸತ್ತವನು ಮರಳಿ ಹುಟ್ಟುವನು. ಹಿಂದಿನ ಭವದ ನೆನಪೊಂದೂ ಒಡನೆ ಬಾರದು. ಆದುದರಿಂದಲೇ ಮಾಡಿದ ತಪ್ಪನ್ನೇ ಮರಳಿ ಮಾಡುತ್ತಾನೆ. ಈ ಮರೆವಿನ ನಡುವೆ ಉಳಿಯಲೆಂದೇ ಶರಣರು ಅರಿವಿಗೊಂದು ಕುರುಹಾಗಿ ಕರಸ್ಥಲಕ್ಕೆ ಇಷ್ಟಲಿಂಗವನ್ನಿತ್ತರು.

ಅವರ ನುಡಿಗಳಿಗೂ ಇದೇ ಚಕ್ರ ಒದಗಿತು. ಮರೋಳವಿರುವ ಹುನಗುಂದದ ಸೀಮೆಯಲ್ಲೇ, ಕೂಡಲಸಂಗಮದಲ್ಲಿ, ಬಸವಣ್ಣನವರು ಐಕ್ಯರಾದರು. ವಚನಗಳು ಓಲೆಗರಿಗಳಲ್ಲಿ ಉಳಿದವು. ಓಲೆಯನ್ನು ಹುಳು ತಿನ್ನುವ ಮುನ್ನ ಇನ್ನೊಂದು ಪ್ರತಿಯಾಗಬೇಕು. ಆ ಪ್ರತಿಯೂ ಸವೆಯುವುದು. ಪ್ರತಿಯಾಗದುದು ಹೋಯಿತು, ಎಷ್ಟು ಹೋಯಿತೋ ಬಲ್ಲವರಾರು! ಫ. ಗು. ಹಳಕಟ್ಟಿಯವರು ಊರೂರು ತಿರುಗಿ ಓಲೆಗಳನ್ನರಸಿ 1923ರಲ್ಲಿ ‘ವಚನಶಾಸ್ತ್ರಸಾರ’ವನ್ನು ಅಚ್ಚಿಗೆ ತಂದರು. ಅಚ್ಚಾದ ಮಾತ್ರಕ್ಕೆ ಚಕ್ರ ನಿಲ್ಲದು. ಕಪಾಟಿನಲ್ಲಿಟ್ಟ ಪುಸ್ತಕವೂ ಓದದವನಿಗೆ ಮರೆವೇ. ಎರಡೇ ವಚನ ಬಾಯಲ್ಲಿರುವ ಮರೋಳದ ಅಜ್ಜಿಯೊಬ್ಬಳು ಮೊಮ್ಮಗಳಿಗೆ ಅವನ್ನು ಕಲಿಸಿದರೆ, ಆ ಎರಡಾದರೂ ಉಳಿದಾವು.